ಪರದೆಯ ಮೇಲೆ ಮಾತ್ರ ಇರುವ ಒಂದು ವಿವಾದ

ಅಬಕಾರಿ ಇಲಾಖೆಯ ವಿದ್ಯುನ್ಮಾನ ಪಾವತಿ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಬಾರು ಬಾಗಿಲು ಹಾಕಿ ಇಂದಿಗೆ ಇಪ್ಪತ್ತಾರು ದಿನ. ನಾವು ಕಲಬೆರಕೆ ಮಾರಿ ಸಿಕ್ಕಿಬಿದ್ದಿಲ್ಲ, ಯಾರ ಹಣವನ್ನೂ ಮುಳುಗಿಸಿಲ್ಲ. ನಿಮ್ಮ ಪಾವತಿ ಜಾಲತಾಣದಲ್ಲಿ ನಮ್ಮ ಸನ್ನದಿನ ಸಂಖ್ಯೆಯ ಮುಂದೆ ಕೆಂಪು ಅಕ್ಷರದಲ್ಲಿ ‘ವಿವಾದ’ ಎಂಬ ಪದ ಕಾಣಿಸಿಕೊಂಡಿದೆ. ಆ ಪದ ಅಲ್ಲಿರುವ ತನಕ ಯಾವ ಸಗಟು ಮಳಿಗೆಯೂ ನಮಗೆ ಒಂದು ಬಾಟಲಿಯನ್ನೂ ಕೊಡುವಂತಿಲ್ಲ. ಸನ್ನದು ಇಬ್ಬರ ಹೆಸರಿನಲ್ಲಿದೆ. ಅಣ್ಣ ನನ್ನ ಗಂಡ, ತಮ್ಮ ನನ್ನ ಮೈದುನ. ಇವರಿಬ್ಬರ ನಡುವೆ ವಿವಾದ ಇತ್ತೇ ಎಂದು ಕೇಳಿದರೆ, ಇತ್ತು. ಒಂಬತ್ತು ವರ್ಷ ಇತ್ತು. ಆ ಒಂಬತ್ತೂ ವರ್ಷ ನಿಮ್ಮ ಇಲಾಖೆಯವರು ತಪ್ಪದೆ ತಪಾಸಣೆಗೆ ಬಂದು, ‘ವ್ಯವಹಾರ ಸುಸೂತ್ರ’ ಎಂದು ಬರೆದು, ಆಮ್ಲೆಟ್ ತಿಂದು ಹೋಗಿದ್ದಾರೆ. ವಿವಾದ ಮುಗಿದು ಎರಡು ವರ್ಷವಾದ ಮೇಲೆ ಅದು ತಮ್ಮ ಗಮನಕ್ಕೆ ಬಂದಿದೆ. ಇಷ್ಟು ತಡವಾದರೂ ಗಮನಿಸಿದ್ದಕ್ಕೆ ಧನ್ಯವಾದ.

ಈ ವಿಷಯವಾಗಿ ತಮಗೆ ನೇರವಾಗಿಯೇ ಮೂರು ಪತ್ರ ಬರೆದಿದ್ದೆ. ‘ಪಾಲುದಾರರಲ್ಲದವರ ಮನವಿಯನ್ನು ಪರಿಗಣಿಸಲಾಗದು’ ಎಂಬ ಒಂದೇ ಉತ್ತರ ಮೂರು ಸಲ ಬಂತು. ಹಾಗಾಗಿ ಈಗ ಪತ್ರಿಕೆಗೆ ಕೊಡುತ್ತಿದ್ದೇನೆ. ಪತ್ರಿಕೆ ಓದಲು ತಾವು ಪಾಲುದಾರರಾಗಬೇಕಿಲ್ಲ, ಬರೆಯಲು ನಾನೂ ಆಗಬೇಕಿಲ್ಲ.

ನಮ್ಮದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿರುವ ಹಳೆಯ ಕಟ್ಟಡ. ಕೆಳಗೆ ಹನ್ನೊಂದು ಮೇಜಿನ ಬಾರು, ಮೇಲೆ ಎಂಟು ಕೋಣೆಯ ವಸತಿಗೃಹ. ಸನ್ನದು ನನ್ನ ಮಾವನ ಕಾಲದ್ದು. ಅವರು ಹೋಗುವ ಮುಂಚೆ ಅದನ್ನು ಇಬ್ಬರು ಮಕ್ಕಳ ಹೆಸರಿಗೂ ಮಾಡಿಸಿದರು. ಬೀದಿಯ ಕೊನೆಯಲ್ಲಿ ಈಗ ಶಾಲೆ ಬಂದಿದೆ, ಆದ್ದರಿಂದ ಇಲ್ಲಿ ಹೊಸ ಸನ್ನದು ಯಾರಿಗೂ ಕೊಡುವುದಿಲ್ಲ. ನಮ್ಮದು ರದ್ದಾದರೆ ಆ ಕಥೆ ಅಲ್ಲಿಗೆ ಮುಗಿಯಿತು. ಅಡುಗೆಯವರು ಹತ್ತೊಂಬತ್ತು ವರ್ಷದಿಂದ ನಮ್ಮಲ್ಲಿದ್ದಾರೆ. ಈಗಲೂ ದಿನಾ ಹತ್ತು ಗಂಟೆಗೆ ಬಂದು, ಚಾಕುಗಳನ್ನು ಮಸೆದು, ಮಧ್ಯಾಹ್ನ ಮನೆಗೆ ಹೋಗುತ್ತಾರೆ. ಚಾಕುಗಳು ಈಗ ಎಷ್ಟು ಹರಿತವಾಗಿವೆ ಎಂದರೆ ನನಗೆ ಮುಟ್ಟಲು ಭಯ. ನೀವು ವಿಚಾರಣೆಗೆ ಕರೆದಿರುವುದು ಈ ತಿಂಗಳ ಇಪ್ಪತ್ತಕ್ಕೆ. ಅಲ್ಲಿ ಏನಾಗುತ್ತದೆ ಎಂಬುದರ ಮೇಲೆ ಆರು ಜನರ ಸಂಬಳವೂ ಎರಡು ಜನರ ಜೀವಮಾನದ ದುಡಿಮೆಯೂ ನಿಂತಿದೆ.

ಮೊದಲು ಹಳೆಯ ವಿವಾದದ ವಿಷಯ. ಅದು ತಮ್ಮ ಕಡತದಲ್ಲಿ ಇಲ್ಲದ್ದರಿಂದ ನಾನೇ ಒದಗಿಸಬೇಕಾಗಿದೆ. ಹನ್ನೊಂದು ವರ್ಷದ ಹಿಂದೆ ಮೈದುನ ಒಂದು ವಾರ ಊರಲ್ಲಿರಲಿಲ್ಲ. ಆ ವಾರ ನಮ್ಮ ಯಜಮಾನರಿಗೆ ಬಾರನ್ನು ಹೊಸದು ಮಾಡುವ ಹುರುಪು ಬಂತು. ಗೋಡೆಗೆ ಬಣ್ಣ ಹೊಡೆಸಿದರು, ದೀಪ ಬದಲಿಸಿದರು, ಅಷ್ಟಕ್ಕೇ ನಿಲ್ಲಿಸದೆ ಮಾವ ನಿಲ್ಲುತ್ತಿದ್ದ ಮರದ ಕೌಂಟರನ್ನು ಹಳೆ ಸಾಮಾನಿನವನಿಗೆ ಮಾರಿ ಗ್ರಾನೈಟು ಹಾಕಿಸಿದರು. ಮರದ ಮೇಲೆ ಮಾವನ ಮೊಣಕೈ ಊರುವ ಜಾಗ ಸವೆದು ತಗ್ಗಾಗಿತ್ತು. ಮೈದುನ ವಾಪಸ್ ಬಂದು, ಬ್ಯಾಗನ್ನು ಕೆಳಗೂ ಇಡದೆ ಗ್ರಾನೈಟನ್ನು ನೋಡಿದ. ಯಾರು ಮಾರಿದ್ದು ಎಂದು ನನ್ನನ್ನು ಕೇಳಿದ. ಹೇಳಿದೆ. ಅವನು ಅಣ್ಣನಿಗೆ ಒಂದು ಮಾತೂ ಅನ್ನಲಿಲ್ಲ. ಆಮೇಲೆ ಒಂಬತ್ತು ವರ್ಷ ಹಾಗೆಯೇ ಅನ್ನಲಿಲ್ಲ.

ಮಾತಿಲ್ಲದೆ ಎರಡು ಜನ ಒಂದು ಬಾರು ನಡೆಸುವುದು ಹೇಗೆ ಎಂದು ತಮಗೆ ಕುತೂಹಲವಿರಬಹುದು. ಬಹಳ ಸಲೀಸು. ಬೆಳಗಿನಿಂದ ನಾಲ್ಕರ ತನಕ ಅಣ್ಣ, ನಾಲ್ಕರಿಂದ ಮುಚ್ಚುವ ತನಕ ತಮ್ಮ. ನಾಲ್ಕಕ್ಕೆ ಸರಿಯಾಗಿ ಒಬ್ಬರು ಹಿಂದಿನ ಬಾಗಿಲಿನಿಂದ ಹೊರಗೆ, ಇನ್ನೊಬ್ಬ ಮುಂದಿನ ಬಾಗಿಲಿನಿಂದ ಒಳಗೆ. ಮಂಗಳವಾರ, ಶುಕ್ರವಾರ ಸಗಟು ಮಳಿಗೆಯ ವ್ಯಾನು ಬರುತ್ತಿತ್ತು. ನಮ್ಮ ಯಜಮಾನರು ಕ್ರೇಟುಗಳನ್ನು ಎಣಿಸಿ ಇಳಿಸಿಕೊಂಡು, ಡ್ರಾಯರಿನಿಂದ ನಗದು ತೆಗೆದು ಕೊಟ್ಟು, ಚೀಟಿಯನ್ನು ಮೊಳೆಗೆ ಚುಚ್ಚಿ ಹೋಗುತ್ತಿದ್ದರು. ಮೈದುನ ಬಂದು ಚೀಟಿ ನೋಡಿ ಸಂಜೆಯ ಕೆಲಸ ಶುರು ಮಾಡುತ್ತಿದ್ದ. ಉಳಿದದ್ದಕ್ಕೆ ನಾನಿದ್ದೆ. ಇಬ್ಬರೂ ಒಂದೇ ಕೋಣೆಯಲ್ಲಿ ನಿಂತಿದ್ದರೂ ‘ಸೋಡಾ ಮುಗೀತು ಅಂತ ಅವನಿಗೆ ಹೇಳು’ ಎಂದು ಇವರು, ‘ನಾಳೆ ತರಿಸ್ತೀನಿ ಅಂತ ಹೇಳಿ ಅತ್ತಿಗೆ’ ಎಂದು ಅವನು. ನಾನು ಮಧ್ಯೆ ಕುತ್ತಿಗೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದೆ. ಇಬ್ಬರಿಗೂ ಇನ್ನೊಬ್ಬರ ಮಾತು ಕೇಳಿಸುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ನಾನು ಒಪ್ಪಿಸದೆ ಆ ಸೋಡಾ ಮುಗಿದಂತೆ ಆಗುತ್ತಿರಲಿಲ್ಲ. ನಾನು ಅಳುತ್ತಿದ್ದೆ, ಬೈಯುತ್ತಿದ್ದೆ, ಒಂದು ಸಲ ಎರಡು ದಿನ ಅಡುಗೆ ಮಾಡದೆ ಮಲಗಿದ್ದೂ ಉಂಟು. ಇಬ್ಬರೂ ಬಾರಿನ ಅಡುಗೆಮನೆಯಲ್ಲಿ ಉಂಡು ಬಂದರು, ಬೇರೆ ಬೇರೆ ಹೊತ್ತಿಗೆ.

ಹೀಗಿರುವಾಗ ತಮ್ಮ ನಿಯಮ ಬಂತು. ಇನ್ನು ಮುಂದೆ ಬಾರು, ಹೋಟೆಲು, ವಸತಿಗೃಹಗಳು ಸಗಟು ಮದ್ಯಕ್ಕೆ ನಗದು ಕೊಡುವಂತಿಲ್ಲ. ಎಲ್ಲವೂ ಜಾಲತಾಣದ ಮೂಲಕ, ಸರಕು ಇಳಿಸುವ ಮೊದಲೇ. ಸನ್ನದು ಜಂಟಿಯಾಗಿದ್ದರೆ ಒಬ್ಬರು ಪಾವತಿ ಆರಂಭಿಸಬೇಕು. ಅವರ ಪರದೆಯಲ್ಲಿ ಆರು ಅಂಕಿಗಳ ಸಂಖ್ಯೆ ಮೂಡುತ್ತದೆ. ಇನ್ನೊಬ್ಬರು ಆ ಸಂಖ್ಯೆಯನ್ನು ಹದಿನೈದು ನಿಮಿಷದೊಳಗೆ ತಮ್ಮ ಫೋನಿನಲ್ಲಿ ಒತ್ತಿ ಅನುಮೋದಿಸಬೇಕು. ಪಾಲುದಾರರು ಒಬ್ಬರಿಗೊಬ್ಬರು ಮೋಸ ಮಾಡದಿರಲಿ ಎಂಬುದು ತಮ್ಮ ಸದುದ್ದೇಶ. ಮಾತು ಬಿಟ್ಟ ಪಾಲುದಾರರು ಎಂಬ ಒಂದು ಜಾತಿಯೂ ಭೂಮಿಯ ಮೇಲಿದೆ ಎಂದು ತಮಗೆ ಹೊಳೆದಿರಲಿಕ್ಕಿಲ್ಲ. ಮೆಸೇಜು ಕಳಿಸಬಹುದಿತ್ತಲ್ಲ ಎನ್ನಬೇಡಿ. ಮಾತು ಬಿಟ್ಟವರಿಗೆ ಮೆಸೇಜು ಕಳಿಸಿದರೆ ಅದೂ ಮಾತಾಡಿದ ಹಾಗೆಯೇ. ಈ ವಿಷಯದಲ್ಲಿ ಇಬ್ಬರೂ ತಮ್ಮ ಇಲಾಖೆಗಿಂತ ಕಟ್ಟುನಿಟ್ಟು.

ಮೊದಲ ಮಂಗಳವಾರ ನಮ್ಮ ಯಜಮಾನರು ಸಂಖ್ಯೆಯನ್ನು ನನಗೆ ಹೇಳಿದರು. ನಾನು ಅಂಗೈ ಮೇಲೆ ಬರೆದುಕೊಂಡು ಮೇಲಕ್ಕೆ ಹೊರಟೆ. ಮೈದುನ ಮದುವೆಯ ಗೋಜಿಗೆ ಹೋಗದವನು, ಮೇಲಿನ ಹಿಂಬದಿಯ ಕೋಣೆಯಲ್ಲಿ ಅವನ ವಾಸ. ರಾತ್ರಿ ಬಾರು ಮುಚ್ಚಿ ಮಲಗುವವನಾದ್ದರಿಂದ ಬೆಳಗ್ಗೆ ಹತ್ತಕ್ಕೆ ಅವನನ್ನು ಎಬ್ಬಿಸುವುದೇ ಒಂದು ಉದ್ಯೋಗ. ಎಬ್ಬಿಸಿ, ಕನ್ನಡಕ ಹುಡುಕಿಸಿ, ಅಂಗೈ ತೋರಿಸಿದೆ. ಮೆಟ್ಟಿಲ ಕಂಬಿ ಹಿಡಿದು ಹತ್ತಿದ್ದರಿಂದ ಬೆವರಿಗೆ ಕೊನೆಯ ಎರಡು ಅಂಕಿ ಅಳಿಸಿಹೋಗಿದ್ದವು. ಕೆಳಗಿಳಿದು ಕೇಳಿಕೊಂಡು ಬರುವಷ್ಟರಲ್ಲಿ ಹದಿನೈದು ನಿಮಿಷ ಮುಗಿದು ಪಾವತಿ ವಿಫಲ. ವ್ಯಾನಿನ ಡ್ರೈವರು ಕ್ರೇಟುಗಳಿಗೆ ಹಗ್ಗ ಬಿಗಿದು ಹೊರಟುಹೋದ. ಶುಕ್ರವಾರವೂ ವಿಫಲ. ಮುಂದಿನ ಮಂಗಳವಾರ ಮತ್ತೆ. ಮೂರು ಸಲ ವಿಫಲವಾದವರ ಪಟ್ಟಿಯನ್ನು ತಾವು ಸಾರ್ವಜನಿಕವಾಗಿ ಪ್ರಕಟಿಸುತ್ತೀರಿ. ಅದರಲ್ಲಿ ಮಾವನ ಬಾರಿನ ಹೆಸರು ಬಂತು. ಪಕ್ಕದ ಔಷಧಿ ಅಂಗಡಿಯವರು ಬಂದು, ಏನಾದರೂ ಕಷ್ಟವೇ ಎಂದು ಮೆಲ್ಲಗೆ ವಿಚಾರಿಸಿದರು.

ನಾಲ್ಕನೆಯ ಸಲಕ್ಕೆ ನನ್ನ ಮಂಡಿ ಊದಿಕೊಂಡಿತ್ತು. ಇಪ್ಪತ್ತೆರಡು ಮೆಟ್ಟಿಲು, ದಿನಕ್ಕೆ ಎಷ್ಟು ಸಲ ಎಂದು ಲೆಕ್ಕ ಇಟ್ಟಿಲ್ಲ. ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ.

‘ನಾನು ಹತ್ತಲ್ಲ. ಬೇಕಾದ್ರೆ ನೀವೇ ಹೇಳಿ, ಇಲ್ಲಾಂದ್ರೆ ವ್ಯಾನು ಹೋಗ್ಲಿ,’ ಎಂದೆ.

ನಮ್ಮ ಯಜಮಾನರು ಫೋನು ಹಿಡಿದು ನಿಂತೇ ಇದ್ದರು. ಮೈದುನ ಎದ್ದಿದ್ದ, ಮೇಲಿನ ಬಾಗಿಲ ಚಿಲಕ ತೆಗೆದ ಸದ್ದಾಗಿತ್ತು. ಆರು ನಿಮಿಷ ಕಳೆಯಿತು, ಎಂಟಾಯಿತು. ಹೊರಗೆ ಡ್ರೈವರು ಹಗ್ಗಕ್ಕೆ ಕೈ ಹಾಕಿದ. ಆಗ ಇವರು ಚಾವಣಿಯನ್ನು ನೋಡುತ್ತ, ಬಸ್ ನಿಲ್ದಾಣದಲ್ಲಿ ಬಸ್ಸಿನ ಸಂಖ್ಯೆ ಕೂಗುವವರ ಹಾಗೆ, ಯಾರಿಗೂ ಅಲ್ಲ ಎಂಬಂತೆ ಆರು ಅಂಕಿಗಳನ್ನು ಓದಿದರು. ಮೇಲಿನಿಂದ ಮೈದುನನ ದನಿ ಬಂತು.

‘ಕೊನೇದು ಇನ್ನೊಂದ್ಸಲ ಹೇಳಣ್ಣ.’

‘ನಾಲ್ಕು,’ ಎಂದರು ಇವರು. ಮತ್ತೊಮ್ಮೆ ಜೋರಾಗಿ ಹೇಳಿದರು. ನಾನು ಮೆಟ್ಟಿಲ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಡ್ರೈವರು ಒಳಗೆ ಬಂದು, ಯಾರಾದರೂ ತೀರಿಕೊಂಡರಾ ಎಂದು ಕೇಳಿದ.

ಆಮೇಲಿನದ್ದಕ್ಕೆ ತಮ್ಮ ಜಾಲತಾಣದ ನಿಧಾನವೇ ಕಾರಣ. ಇದನ್ನು ದೂರು ಎಂದು ತಿಳಿಯಬೇಡಿ. ಸಂಖ್ಯೆ ಒತ್ತಿದ ಮೇಲೆ ಪರದೆಯಲ್ಲಿ ಒಂದು ಚಕ್ರ ತಿರುಗುತ್ತದೆ, ಕೆಳಗೆ ‘ದಯವಿಟ್ಟು ಕಾಯಿರಿ’ ಎಂದಿರುತ್ತದೆ. ಆ ಚಕ್ರ ಏಳೆಂಟು ನಿಮಿಷ ತಿರುಗುವುದು ಮಾಮೂಲು. ಇಬ್ಬರೂ ಫೋನು ಹಿಡಿದು ನಿಂತಾಗ ಎಷ್ಟೆಂದು ಗೋಡೆ ನೋಡುವುದು? ಮೊದಮೊದಲು ಸೇರಿಕೊಂಡು ತಮ್ಮ ಇಲಾಖೆಯನ್ನು ಬೈದರು. ಮೂರನೆಯವರನ್ನು ಬೈಯುವಾಗ ಹುಟ್ಟುವ ಒಗ್ಗಟ್ಟು ಬೇರೆ ಯಾವುದರಿಂದಲೂ ಹುಟ್ಟುವುದಿಲ್ಲ. ಆ ಮೂರನೆಯವರಾಗಲು ತಾವೇ ಮುಂದೆ ಬಂದದ್ದನ್ನು ನಮ್ಮ ಮನೆತನ ಮರೆಯುವುದಿಲ್ಲ. ಆಮೇಲೆ ಯಾವ ಸರಕು ಹೋಗುತ್ತಿದೆ, ಯಾವುದು ಕೂತಿದೆ ಎಂಬ ಮಾತು ಬಂತು. ಮೇಲಿನ ಐದನೇ ಕೋಣೆಯ ನಲ್ಲಿ ಸೋರುವ ಮಾತು ಬಂತು. ಒಂದು ಶುಕ್ರವಾರ ಚಕ್ರ ಹನ್ನೆರಡು ನಿಮಿಷ ತಿರುಗಿತು. ಆವತ್ತು ಮೈದುನ, ಆ ಕೌಂಟರನ್ನು ಎಷ್ಟಕ್ಕೆ ಮಾರಿದೆ ಎಂದು ಕೇಳಿದ. ಇವರು ಹೇಳಿದರು. ‘ಅಷ್ಟೇನಾ?’ ಎಂದ. ‘ಮೋಸ ಹೋದೆ ಕಣೋ,’ ಎಂದರು ಇವರು. ಒಂಬತ್ತು ವರ್ಷ ನಾನು ಕಣ್ಣೀರು ಹಾಕಿ ಸಾಧಿಸಲಾಗದ್ದನ್ನು ತಮ್ಮ ಕೆಟ್ಟ ಜಾಲತಾಣ ಸಾಧಿಸಿತು. ಮಂಗಳವಾರ, ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಮೈದುನ ತಾನೇ ಎದ್ದು, ಮುಖ ತೊಳೆದು ಕೆಳಗಿಳಿಯತೊಡಗಿದ. ಚಹಾ ನಾನು ಮೂರು ಲೋಟ ಮಾಡುತ್ತಿದ್ದೆ.

ಎರಡು ವರ್ಷ ಹೀಗೆ ನಡೆದ ಮೇಲೆ ತಮಗೆ ನಮ್ಮ ಕಷ್ಟ ಕಂಡಿತು. ‘ವ್ಯವಹಾರ ಸರಳೀಕರಣ’ ಎಂಬ ಸುತ್ತೋಲೆ ಬಂತು. ಎರಡನೇ ಅನುಮೋದನೆ ವ್ಯಾಪಾರಸ್ಥರಿಗೆ ಕಿರಿಕಿರಿಯಾಗಿದೆ ಎಂದು ದೂರುಗಳು ಬಂದಿವೆಯಂತೆ. ಇನ್ನು ಮುಂದೆ ಪಾವತಿಗೆ ಒಬ್ಬರೇ ಸಾಕಂತೆ. ಜಂಟಿ ಸನ್ನದುದಾರರು ತಮ್ಮಲ್ಲಿ ಒಬ್ಬರನ್ನು ತಿಂಗಳ ಕೊನೆಯೊಳಗೆ ನಾಮನಿರ್ದೇಶನ ಮಾಡಬೇಕು, ಇನ್ನೊಬ್ಬರನ್ನು ‘ನಿಷ್ಕ್ರಿಯ ಪಾಲುದಾರ’ ಎಂದು ದಾಖಲಿಸಲಾಗುವುದು. ಕಿರಿಕಿರಿ ಎಂದು ದೂರು ಕೊಟ್ಟವರು ಯಾರೋ ಗೊತ್ತಿಲ್ಲ. ಅವರ ಮನೆಯಲ್ಲಿ ಎಲ್ಲರೂ ಮಾತಾಡುತ್ತಾರೆ ಎಂದು ಕಾಣುತ್ತದೆ.

ಸುತ್ತೋಲೆಯನ್ನು ಇಬ್ಬರೂ ಓದಿದರು, ಆದರೆ ಅದರ ಬಗ್ಗೆ ಇಬ್ಬರೂ ತುಟಿ ಬಿಚ್ಚಲಿಲ್ಲ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. ಒಂದು ಕೌಂಟರಿಗೆ ಒಂಬತ್ತು ವರ್ಷವಾದರೆ ಇಡೀ ಬಾರಿಗೆ ಎಷ್ಟು? ಅಷ್ಟರಲ್ಲಿ ಒಂದು ಬುಧವಾರ ನಮ್ಮ ಯಜಮಾನರು ಕ್ಷೌರ ಮಾಡಿಸಿಕೊಂಡು ಬಂದು, ಕ್ಷೌರದ ಕುರ್ಚಿಯಲ್ಲಿ ಕೂತೇ ಫೋನಿನಲ್ಲಿ ಅರ್ಜಿ ಹಾಕಿದೆ ಎಂದರು.

‘ಅವನ ಹೆಸರು ಕೊಟ್ಟೆ ಕಣೇ. ಆವತ್ತು ಅವನನ್ನ ಒಂದು ಮಾತು ಕೇಳ್ಳಿಲ್ಲ ನಾನು. ಇನ್ಮೇಲಾದ್ರೂ ಅವನು ಹೇಳಿದ ಹಾಗೆ ನಡೀಲಿ. ನೀನು ಹೇಳ್ಬೇಡ, ತಾನೇ ನೋಡ್ಲಿ.’

ಅದೇ ಸಂಜೆ ಉಗ್ರಾಣದಲ್ಲಿ ಖಾಲಿ ಬಾಟಲಿ ಜೋಡಿಸುತ್ತಿದ್ದ ಮೈದುನ ನನ್ನನ್ನು ಕರೆದ.

‘ಅತ್ತಿಗೆ, ಅಣ್ಣನ ಹೆಸರು ಹಾಕಿ ಕಳಿಸಿದೀನಿ. ಈ ವಯಸ್ಸಲ್ಲಿ ಅವನನ್ನ ನಿಷ್ಕ್ರಿಯ ಅಂತ ಬರೆಸೋದು ನನ್ನಿಂದಾಗಲ್ಲ. ಅವನಿಗೆ ಹೇಳ್ಬೇಡಿ, ಬೇಡ ಅಂತಾನೆ.’

ಇಲ್ಲಿ ನನ್ನ ತಪ್ಪೊಪ್ಪಿಗೆ ಇದೆ. ಒಂಬತ್ತು ವರ್ಷ ಇವರ ಸೋಡಾ, ಐಸು, ನಲ್ಲಿ ಎಲ್ಲದರ ಸುದ್ದಿಯನ್ನೂ ಆಚೆಯಿಂದ ಈಚೆಗೆ ಹೊತ್ತವಳು ನಾನು. ಹೊರಲೇಬೇಕಾಗಿದ್ದ ಎರಡು ಸುದ್ದಿಯನ್ನು ಮಾತ್ರ ಹೊರಲಿಲ್ಲ. ಇಬ್ಬರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಎರಡು ದಿನ ಒಬ್ಬಳೇ ನಗುತ್ತ ಓಡಾಡಿದೆ. ಶುಕ್ರವಾರ ಇಬ್ಬರೂ ಪರದೆ ನೋಡುವಾಗ ಮುಖ ಹೇಗಾಗುತ್ತದೋ ನೋಡೋಣ ಎಂದು ಆಸೆಪಟ್ಟೆ. ಅರವತ್ತು ದಾಟಿದ ಹೆಂಗಸಿಗೆ ಇಂಥ ಚಪಲ ಇರಬಾರದಿತ್ತು.

ಶುಕ್ರವಾರ ಹತ್ತಕ್ಕೆ ಪರದೆಯಲ್ಲಿ ಬಂದದ್ದು ಆ ಕೆಂಪು ಪದ. ಇಬ್ಬರ ಮುಖವನ್ನೂ ನೋಡಿದೆ. ಇಬ್ಬರೂ ಇನ್ನೊಬ್ಬ ತನ್ನ ಮೇಲೆ ದೂರು ಕೊಟ್ಟನೆಂದು ಅರ್ಧ ನಿಮಿಷ ನಂಬಿದ್ದು ಆ ಮುಖಗಳಲ್ಲಿ ಕಂಡಿತು. ಮಾನ್ಯರೇ, ತಮ್ಮ ಮೇಲೆ ನನಗೆ ನಿಜವಾದ ಸಿಟ್ಟಿರುವುದು ಆ ಅರ್ಧ ನಿಮಿಷಕ್ಕೆ. ನಾನು ಬಾಯಿಬಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಮೇಲೆ ಇಬ್ಬರೂ ಕುರ್ಚಿ ಎಳೆದುಕೊಂಡು ಕೂತು, ನಿನಗ್ಯಾರು ಹೇಳಿದ್ದು, ನಿನಗ್ಯಾರು ಹೇಳಿದ್ದು ಎಂದು ಒಬ್ಬರನ್ನೊಬ್ಬರು ಗದರಿಕೊಂಡರು. ಇದನ್ನೇ ತಾವು ವಿವಾದ ಎನ್ನುವುದಾದರೆ ನನ್ನ ತಕರಾರಿಲ್ಲ.

ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಹುಡುಗಿ ಬಹಳ ವಿನಯವಂತೆ. ಇಬ್ಬರು ಪಾಲುದಾರರು ಬೇರೆ ಬೇರೆ ಹೆಸರು ಕೊಟ್ಟರೆ ಅದನ್ನು ವಿವಾದ ಎಂದು ಪರಿಗಣಿಸಲಾಗುತ್ತದೆ ಎಂದು ವಿವರಿಸಿದಳು. ಅವರು ಕೊಟ್ಟಿರುವುದು ಒಬ್ಬರು ಇನ್ನೊಬ್ಬರ ಹೆಸರನ್ನಮ್ಮಾ ಎಂದೆ. ಅದೇ ಮೇಡಂ, ಬೇರೆ ಬೇರೆ ತಾನೇ ಎಂದಳು. ಒಬ್ಬರ ಅರ್ಜಿಯನ್ನು ಹಿಂದಕ್ಕೆ ಪಡೆಯಬಹುದೇ ಎಂದು ಕೇಳಿದೆ. ಖಂಡಿತ ಪಡೆಯಬಹುದು, ಆದರೆ ಅದಕ್ಕೆ ಇನ್ನೊಬ್ಬ ಪಾಲುದಾರರು ಒಪ್ಪಿಗೆಯ ಗುಂಡಿ ಒತ್ತಬೇಕು. ಪಕ್ಕದಲ್ಲೇ ಕೂತಿದ್ದಾರೆ, ಈಗಲೇ ಒತ್ತಿಸುತ್ತೇನೆ ಎಂದೆ. ‘ಆಗಲ್ಲ ಮೇಡಂ, ವಿವಾದ ಇರೋವರೆಗೂ ಆ ಗುಂಡಿ ಬರಲ್ಲ,’ ಎಂದಳು. ಈ ಕರೆಗೆ ಐದರಲ್ಲಿ ಎಷ್ಟು ಅಂಕ ಕೊಡುವಿರಿ ಎಂದೂ ಕೇಳಿದಳು. ಐದು ಕೊಟ್ಟೆ, ಪಾಪ ಅವಳದೇನು ತಪ್ಪು.

ಹತ್ತು ದಿನದ ಮೇಲೆ ತಮ್ಮ ವಿಚಾರಣೆಯ ನೋಟೀಸು ಬಂತು, ಒಂದೇ ಮನೆಗೆ ಎರಡು ಲಕೋಟೆ. ಇಬ್ಬರೂ ನಿಗದಿತ ನಮೂನೆಯಲ್ಲಿ ‘ಪ್ರತಿವಾದಿಯಿಂದ ತನಗಾಗಿರುವ ಅನ್ಯಾಯ’ವನ್ನು ಬರೆದು ಸಲ್ಲಿಸಬೇಕು. ಒಬ್ಬರು ಸಲ್ಲಿಸದಿದ್ದರೆ ಅವರ ಹಕ್ಕು ಹೋಗುತ್ತದೆ. ಇಬ್ಬರೂ ಸಲ್ಲಿಸದಿದ್ದರೆ ಸನ್ನದೇ ರದ್ದು. ಪರಿಚಯದ ವಕೀಲರೊಬ್ಬರು, ತಲೆ ಕೆಡಿಸಿಕೊಳ್ಳಬೇಡಿ, ಏನಾದರೂ ಬರೆದುಕೊಡಿ ಎಂದರು. ಅಣ್ಣತಮ್ಮಂದಿರು ಕಿಟಕಿ ಪಕ್ಕದ ಮೇಜಿಗೆ ಎದುರುಬದುರು ಕೂತರು. ನಾನು ಪೆನ್ನು ಕೊಟ್ಟೆ. ಒಂದು ಗಂಟೆಯಾದರೂ ಇಬ್ಬರ ಹಾಳೆಯೂ ಖಾಲಿ.

‘ನಾನು ನಿಂಗೆ ಬೈದೆ ಅಂತ ಬರಿ,’ ಎಂದು ಮೈದುನ ದಾರಿ ತೋರಿಸಿದ.

‘ನೀನೆಲ್ಲೋ ಬೈದೆ? ಮಾತೇ ಆಡಿರ್ಲಿಲ್ವಲ್ಲ,’ ಎಂದರು ಇವರು.

ಕೊನೆಗೆ ಇವರು ಏನೋ ಎರಡು ಸಾಲು ಗೀಚಿದರು. ಮೈದುನ ಓದಿ ನೋಡಿ, ಇದು ಸಾಕಾಗಲ್ಲ, ಇಷ್ಟಕ್ಕೆಲ್ಲ ಯಾರೂ ಕೇಸು ಹಾಕಲ್ಲ ಎಂದು ವಾಪಸ್ ಕೊಟ್ಟ. ಅಷ್ಟರಲ್ಲಿ ನಮೂನೆಯ ಕೆಳಗಿನ ಸಣ್ಣ ಅಕ್ಷರ ನನ್ನ ಕಣ್ಣಿಗೆ ಬಿತ್ತು: ಸುಳ್ಳು ಹೇಳಿಕೆ ಶಿಕ್ಷಾರ್ಹ. ನಿಜ ಬರೆದರೆ ಬಾರು ಹೋಗುತ್ತದೆ, ಸುಳ್ಳು ಬರೆದರೆ ಜೈಲು. ಇಷ್ಟು ಅಚ್ಚುಕಟ್ಟಾದ ನಮೂನೆಯನ್ನು ರೂಪಿಸಲು ಎಷ್ಟು ಸಭೆಗಳು ನಡೆದವು ಎಂದು ತಿಳಿಯುವ ಆಸೆಯಿದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಇಪ್ಪತ್ತನೇ ತಾರೀಕಿನೊಳಗೆ ಆ ಕೆಂಪು ಪದವನ್ನು ಅಳಿಸಿ. ಅದು ಸಾಧ್ಯವಿಲ್ಲವಾದರೆ ಇವರಿಬ್ಬರಿಗೂ ಜಗಳವಾಡಲು ತಕ್ಕ ಕಾರಣವೊಂದನ್ನು ಇಲಾಖೆಯ ಖರ್ಚಿನಲ್ಲಿ ಒದಗಿಸಿಕೊಡಿ. ಜೊತೆಗೆ, ಎರಡನೇ ಅನುಮೋದನೆಯನ್ನು ಬೇಡ ಎನ್ನುವವರಿಗೆ ಬೇಡವೆನ್ನಿ, ಬೇಕು ಎನ್ನುವವರಿಗೆ ಉಳಿಸಿ. ಜಾಲತಾಣವನ್ನು ವೇಗಗೊಳಿಸುವ ಆಲೋಚನೆಯಿದ್ದರೆ ದಯವಿಟ್ಟು ನಮ್ಮನ್ನು ಬಿಟ್ಟುಬಿಡಿ.

ಇನ್ನು ನೋಟೀಸಿನ ಕೊನೆಯ ಷರತ್ತು. ‘ವಿವಾದ ಇತ್ಯರ್ಥವಾಗುವವರೆಗೆ ಪಕ್ಷಗಾರರು ಪರಸ್ಪರ ಮಾತುಕತೆ ನಡೆಸತಕ್ಕದ್ದಲ್ಲ’ ಎಂದು ಬರೆದಿದ್ದೀರಿ. ಉಳಿದ ಹದಿಮೂರು ಷರತ್ತುಗಳಿಗೂ ಇಬ್ಬರೂ ಸಹಿ ಹಾಕಿದ್ದಾರೆ. ಇದೊಂದನ್ನು ಮಾತ್ರ ನಾನೇ ಪೆನ್ನಿನಿಂದ ಹೊಡೆದುಹಾಕಿದ್ದೇನೆ, ಶಿಕ್ಷೆಯಿದ್ದರೆ ನನಗೇ ಕೊಡಿ. ಈ ಷರತ್ತನ್ನು ನಮ್ಮ ಮನೆ ತಾವು ಕೇಳುವ ಮೊದಲೇ ಒಂಬತ್ತು ವರ್ಷ ಪಾಲಿಸಿದೆ. ಇನ್ನು ಒಂದು ದಿನವೂ ಪಾಲಿಸುವುದಿಲ್ಲ.

ಇಂತಿ,
ಒಬ್ಬರ ಹೆಂಡತಿ, ಇನ್ನೊಬ್ಬನ ಅತ್ತಿಗೆ,
ತಮ್ಮ ನಮೂನೆಯ ಯಾವ ಕಾಲಮಿಗೂ ಸೇರದವಳು